ವಿಡಿಯೋ ಗೇಮ್ ವಿನ್ಯಾಸದಿಂದ ಫ್ಯಾಷನ್ ಶೋಗೆ ಏನೇನು ತೆಗೆದುಕೊಳ್ಳಬಹುದು?

36 ಉಡುಪು, 20 ಮೀಟರ್ ರ‍್ಯಾಂಪ್, ಇಷ್ಟಿರುವ ಒಂದು ಫ್ಯಾಷನ್ ಶೋಗೆ ಗೇಮ್ ಡಿಸೈನಿನ ಯಾವ ವಿಚಾರ ನಿಜಕ್ಕೂ ಕೆಲಸಕ್ಕೆ ಬರುತ್ತದೆ ಎಂದು ಕೇಳಿದ್ದೀರಿ. ನಿಯಾನ್ ದೀಪ, ಪಿಕ್ಸೆಲ್ ಗೋಡೆ ಇವೆಲ್ಲ ಬರೀ ಅಲಂಕಾರ. 2020ರ ಡಿಸೆಂಬರಿನಲ್ಲಿ ಬಲೆನ್ಸಿಯಾಗ ಎಂಬ ಫ್ಯಾಷನ್ ಕಂಪನಿ ತನ್ನ ಉಡುಪು ಸಂಗ್ರಹವನ್ನೇ ಒಂದು ಗೇಮ್ ಮಾಡಿ ಬಿಟ್ಟಿತ್ತು, ಆ ದಾರಿಯೇ ಬೇರೆ. ಮಾಡೆಲ್‌ಗಳು ನಡೆದು ಬರುವ ಶೋಗೆ ನಾನು ಗೇಮಿನಿಂದ ಮೊದಲು ಎತ್ತಿಕೊಳ್ಳುವುದು ಟ್ರಿಗರ್ ಅನ್ನು. ಗೇಮಿನಲ್ಲಿ ಆಟಗಾರ ಒಂದು ಗೆರೆ ದಾಟಿದರೆ ಬಾಗಿಲು ತೆರೆಯುತ್ತದೆ, ಗಡಿಯಾರ ನೋಡಿ ಅಲ್ಲ.

ಲೆಕ್ಕ ಹೀಗಿದೆ. ನಿಮಿಷಕ್ಕೆ 110 ಬೀಟ್ ಇರುವ ಸಂಗೀತಕ್ಕೆ ಬೀಟಿಗೊಂದು ಹೆಜ್ಜೆ, ಹೆಜ್ಜೆಗೆ 65 ಸೆಂ.ಮೀ. ಹಿಡಿದರೆ ಸೆಕೆಂಡಿಗೆ ಸುಮಾರು 1.2 ಮೀಟರ್ ವೇಗ. ಹೋಗಲು 17 ಸೆಕೆಂಡ್, ತುದಿಯಲ್ಲಿ ನಿಲ್ಲಲು 3, ಬರಲು 17: ಒಟ್ಟು 37. 12 ಸೆಕೆಂಡಿಗೊಬ್ಬರನ್ನು ಕಳಿಸಿದರೆ ಒಬ್ಬರು ತುದಿ ಬಿಟ್ಟ 9 ಸೆಕೆಂಡಿಗೆ ಮುಂದಿನವರು ಅಲ್ಲಿಗೆ ಬರುತ್ತಾರೆ. ಈಗ ನೆಲ ಗುಡಿಸುವಷ್ಟು ಉದ್ದದ ಗೌನ್ ಬಂತು ಅನ್ನಿ. ವೇಗ 0.9ಕ್ಕೆ ಇಳಿಯುತ್ತದೆ, ಆ 9 ಸೆಕೆಂಡ್ ಮೂರೂವರೆಯಾಗುತ್ತದೆ. ಗೌನಿನ ಪೂರ್ತಿ ಚಿತ್ರ ಬೇಕೆಂದು ಕಾದು ಕೂತ ಛಾಯಾಗ್ರಾಹಕರಿಗೆ ಅದರ ಹಿಂದೆಯೇ ಇನ್ನೊಬ್ಬರು ಸಿಗುತ್ತಾರೆ.

ಇದಕ್ಕೆ ರ‍್ಯಾಂಪಿನ ಪಕ್ಕದಲ್ಲಿ ಹೊರಡುವ ಜಾಗದಿಂದ 14.5 ಮೀಟರಿಗೆ ಒಂದು ಟೇಪ್ ಗುರುತು ಹಾಕಿ. ಮುಂದೆ ಹೋದವರು ಅದನ್ನು ದಾಟಿದಾಗ ಮಾತ್ರ ಮುಂದಿನವರು ಹೊರಡಲಿ. ಮಾಮೂಲಿ ನಡಿಗೆಗೆ ಅದು 12 ಸೆಕೆಂಡೇ. ಗೌನಿಗೆ ತಾನಾಗಿಯೇ 16 ಆಗುತ್ತದೆ. ಯಾರೂ ತಲೆಯಲ್ಲಿ ಲೆಕ್ಕ ಮಾಡಬೇಕಿಲ್ಲ. ಆದರೆ ಗುರುತು ನೋಡಿ ಹೆಡ್‌ಸೆಟ್‌ನಲ್ಲಿ "ಗೋ" ಹೇಳುವವರು ಒಬ್ಬರೇ ಇರಬೇಕು.

ಇದಕ್ಕೆ ಸಂಗೀತವೂ ಒಗ್ಗಬೇಕು, ಹೆಚ್ಚಿನವರು ಎಡವುವುದು ಇಲ್ಲೇ. ಹತ್ತು ನಿಮಿಷದ ಒಂದೇ ಟ್ರ್ಯಾಕ್ ಹಾಕಿದರೆ ಇನ್ನೂ ನಾಲ್ಕು ಉಡುಪು ಬಾಕಿ ಇರುವಾಗಲೇ ಫಿನಾಲೆಯ ಡ್ರಮ್ ಶುರುವಾಗುತ್ತದೆ. ಗೇಮ್ ಸಂಗೀತದ ಹಾಗೆ ಎಂಟೆಂಟು ಬಾರ್‌ಗಳ (ಬಾರ್ ಎಂದರೆ ನಾಲ್ಕು ಬೀಟ್) ಲೂಪ್, ಅಂದರೆ ಮತ್ತೆ ಮತ್ತೆ ನುಡಿಸಬಹುದಾದ ತುಣುಕು, ಮಾಡಿಸಿ. 110ರ ವೇಗದಲ್ಲಿ ಒಂದು ಲೂಪ್ ಹದಿನೇಳೂವರೆ ಸೆಕೆಂಡ್. ಬೇಕಾದಷ್ಟು ಸಲ ಸುತ್ತಿಸಿ, ಸೂಚನೆ ಬಂದಾಗ ಆ ಲೂಪ್ ಮುಗಿಸಿ ಮುಂದಿನ ಭಾಗಕ್ಕೆ ಹೋಗಬಹುದು. ಬೆಳಕಿನ ಬದಲಾವಣೆಯನ್ನೂ ಅದೇ ಸೂಚನೆಗೆ ಕಟ್ಟಿ.

ಎರಡನೆಯದು ಲೋಡಿಂಗ್. ಹಲವು ಗೇಮುಗಳಲ್ಲಿ ಪಾತ್ರವನ್ನು ಲಿಫ್ಟಿನಲ್ಲಿ ನಿಲ್ಲಿಸುವುದು ಅಷ್ಟರಲ್ಲಿ ಮುಂದಿನ ಜಾಗ ಲೋಡ್ ಆಗಲಿ ಎಂದು. ಇಲ್ಲಿ ಲೋಡಿಂಗ್ ಎಂದರೆ ಬಟ್ಟೆ ಬದಲಾವಣೆ. 18 ಮಾಡೆಲ್‌ಗಳಿದ್ದರೆ ಒಬ್ಬರ ಎರಡನೇ ಸರದಿ 216ನೇ ಸೆಕೆಂಡಿಗೆ. ನಡಿಗೆಯ 37, ಒಳಗೆ ಓಡಾಟ ಮತ್ತು ಸಾಲಿನಲ್ಲಿ ನಿಲ್ಲಲು 40 ಕಳೆದರೆ ಬದಲಾಯಿಸಲು ಸಿಗುವುದು 2 ನಿಮಿಷ 20 ಸೆಕೆಂಡ್. ಖರ್ಚು ಉಳಿಸಲು 12 ಜನಕ್ಕೆ ಇಳಿಸಿದಿರೋ, ಉಳಿಯುವುದು 67 ಸೆಕೆಂಡ್. ಬಕಲ್ ಇರುವ ಶೂ ಹಾಕಲು ಅದು ಸಾಲದು. ಆದ್ದರಿಂದ ಒಂಬತ್ತು ಉಡುಪಿಗೊಂದು ಗುಂಪು ಮಾಡಿ, ಗುಂಪುಗಳ ನಡುವೆ 8 ಸೆಕೆಂಡ್ ರ‍್ಯಾಂಪ್ ಖಾಲಿ ಬಿಡಿ. ನೋಡುವವರಿಗೆ ಅದು ಉಸಿರು, ನಿಮಗೆ ತಡವನ್ನು ನುಂಗುವ ಜಾಗ. ಅಗತ್ಯ ಬಿದ್ದರೆ 20 ಸೆಕೆಂಡಿಗೆ ಎಳೆದರೂ ಯಾರಿಗೂ ಗೊತ್ತಾಗುವುದಿಲ್ಲ.

ಯಾರಾದರೂ ಸಿದ್ಧವಾಗದಿದ್ದರೆ? ಕಾಯಬೇಡಿ. ಅವರು ಆ ಗುಂಪಿನ ಕೊನೆಗೆ ಹೋಗಲಿ, ಮುಂದಿನವರು ಹೊರಡಲಿ. ಈ ನಿಯಮವನ್ನು ಮೊದಲೇ ಬರೆದು ಬ್ಯಾಕ್‌ಸ್ಟೇಜಿನಲ್ಲಿ ಅಂಟಿಸಿ, ಇಲ್ಲದಿದ್ದರೆ ಕತ್ತಲಲ್ಲಿ ವಾದ ಶುರುವಾಗುತ್ತದೆ. ಪ್ರತಿ ಗುಂಪಿನಲ್ಲೂ ಒಂದೇ ಸಲ ನಡೆಯುವ, ಬೇಗ ತಯಾರಾಗುವ ಒಬ್ಬ ಮಾಡೆಲ್ ಇದ್ದರೆ ಖಾಲಿ ಬಿದ್ದ ಜಾಗಕ್ಕೆ ಅವರನ್ನು ತಳ್ಳಬಹುದು.

ಸೆಟ್ ಕಟ್ಟುವ ಮೊದಲು ಗೇಮ್ ಮಾಡುವವರ ಹಾಗೆ ಗ್ರೇಬಾಕ್ಸ್, ಅಂದರೆ ಅಲಂಕಾರವಿಲ್ಲದ ಕಚ್ಚಾ ಮಾದರಿ, ಮಾಡಿ: ಖಾಲಿ ನೆಲದ ಮೇಲೆ ನಿಜವಾದ ಅಳತೆಗೆ ಟೇಪ್ ಅಂಟಿಸಿ, ಕುರ್ಚಿ ಇಟ್ಟು, ಎರಡನೇ ಸಾಲಿನಲ್ಲಿ ನೀವೇ ಕೂತು ನೋಡಿ. ಅಲ್ಲಿಂದ ಶೂ ಕಾಣದಿದ್ದರೆ ಆ ಸಾಲನ್ನು ಎತ್ತರಿಸಬೇಕು. ತಾಲೀಮಿನಲ್ಲಿ ಮಾಡೆಲ್‌ಗಳು ಚಪ್ಪಲಿಯಲ್ಲಿ ನಡೆದರೆ ಮೇಲಿನ ಅಂಕಿಗಳೆಲ್ಲ ಸುಳ್ಳಾಗುತ್ತವೆ. ಶೋದ ಶೂಗಳನ್ನೇ ಹಾಕಿಸಿ ಅಳೆದು, ಆಮೇಲೆ ಗುರುತಿನ ಟೇಪ್ ಹಚ್ಚಿ.