ಓದು ಅಂದರೆ ಸಾಕೇ, ಹೊತ್ತು ಬೇಡವೇ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ಬರುವವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಹುಬ್ಬಳ್ಳಿ ಕಡೆಯ ಹೆಣ್ಣುಮಗಳು. ವಯಸ್ಸು 35ರ ಆಸುಪಾಸು. ಸಿವಿಲ್ ಇಂಜಿನಿಯರಿಂಗ್ ಓದಿ, ಕಟ್ಟಡ ಗುತ್ತಿಗೆದಾರರೊಬ್ಬರ ಆಫೀಸಿನಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತಾರೆ. ಸೈಟಿಗೆ ಹೋಗಿ ಅಳತೆ ತೆಗೆದುಕೊಳ್ಳುವುದು, ಅದನ್ನು ಎಂ.ಬಿ.ಯಲ್ಲಿ (ಅಳತೆ ಪುಸ್ತಕ) ಬರೆಯುವುದು, ಆರ್.ಎ. ಬಿಲ್ (ಕೆಲಸ ನಡೆದಷ್ಟಕ್ಕೆ ಆಗಾಗ ಹಾಕುವ ಬಿಲ್) ತಯಾರು ಮಾಡುವುದು ದಿನದ ಕೆಲಸ. ಮನೆಯಲ್ಲಿ ಗಂಡ, ಅತ್ತೆ, ಎರಡನೇ ಕ್ಲಾಸಿನ ಮಗ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್‌ನಲ್ಲಿ ಎರಡು ವರ್ಷದ ಆನ್‌ಲೈನ್ ಎಂ.ಬಿ.ಎ.ಗೆ ಸೇರಿ ಮೂರನೇ ಸೆಮಿಸ್ಟರ್‌ಗೆ ಬಂದಿದ್ದರು. ಫೀಸಿನ ಇ.ಎಂ.ಐ. ಅವರ ಸಂಬಳದಿಂದಲೇ ಹೋಗುತ್ತಿತ್ತು.

ನಿದ್ದೆ ಬರುತ್ತಿಲ್ಲ ಎಂದು ಆಪ್ತಸಲಹೆಗೆ ನನ್ನ ಬಳಿ ಬಂದರು. ಮಾತಾಡುತ್ತಾ ಹೋದಂತೆ ಉಳಿದದ್ದು ಹೊರಬಂತು. ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಬಂದ ಸದ್ದಾದರೆ ಎದೆ ಧಸಕ್ಕೆನ್ನುತ್ತದೆ. ಅಸೈನ್‌ಮೆಂಟ್ ಬಾಕಿ ಇವೆ. ಹಿಂದಿನ ಸೆಮಿಸ್ಟರ್‌ನ ಎರಡು ಪೇಪರ್ ಉಳಿದಿವೆ, ಮನೆಯಲ್ಲಿ ಯಾರಿಗೂ ಹೇಳಿಲ್ಲ. "ತಲಿಗೆ ಹತ್ತವಲ್ದು ಮೇಡಂ. ನನ್ನ ಕೈಲೆ ಆಗೂದಲ್ಲ ಅನಸ್ತದ" ಎಂದು ಅತ್ತರು.

ಮೊದಲು ಕೇಳಲೇಬೇಕಾದ್ದನ್ನು ಕೇಳಿದೆ: ಊಟ ಹೇಗಿದೆ, ಕೆಲಸದಲ್ಲಿ ಮನಸ್ಸು ನಿಲ್ಲುತ್ತದೆಯೇ, ಬದುಕೇ ಬೇಡ ಅನ್ನಿಸುತ್ತದೆಯೇ. ಅಂಥ ಯೋಚನೆ ಇರಲಿಲ್ಲ. ಆದರೂ ರಾತ್ರಿ ಹೊತ್ತು ತೀರಾ ಕಷ್ಟವಾದರೆ ಇರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದುಕೊಟ್ಟೆ. ಅದು ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಆ ಎರಡು ಪೇಪರ್ ಯಾಕೆ ಉಳಿದವು? ಇವರ ಪರೀಕ್ಷೆ ಮನೆಯಲ್ಲೇ, ಲ್ಯಾಪ್‌ಟಾಪ್ ಕ್ಯಾಮೆರಾ ಎದುರು. ಕೋಣೆಯಲ್ಲಿ ಇನ್ನೊಬ್ಬರು ಇರುವಂತಿಲ್ಲ, ಮಾತು ಕೇಳಿಸುವಂತಿಲ್ಲ. ಪರೀಕ್ಷೆ ಅರ್ಧಕ್ಕೆ ಬಂದಾಗ ಅತ್ತೆ ಬಾಗಿಲು ತೆಗೆದು, "ಬೀಗರು ಬಂದಾರ, ಚಾ ಇಡವಾ" ಅಂದರು. ಸ್ಕ್ರೀನ್ ಮೇಲೆ ಕೆಂಪು ಎಚ್ಚರಿಕೆ ಬಂತು. ಇವರ ಕೈ ನಡುಗಿತು, ಮುಂದಿನ ಪ್ರಶ್ನೆ ಓದಿದರೂ ತಿಳಿಯಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋಗಿ ಚಹಾ ಮಾಡಿದರು. ಮರುದಿನದ ಪೇಪರಿಗೆ ಕೂರಲೇ ಇಲ್ಲ.

ಇದನ್ನು ಹೇಳುವಾಗಲೂ ಅವರು ಬೈದುಕೊಂಡದ್ದು ತಮ್ಮನ್ನೇ.

ತಲೆಗೆ ಹತ್ತುತ್ತಿಲ್ಲ ಅನ್ನುವ ಪಾಠ ಯಾವುದು ತೋರಿಸಿ ಎಂದೆ. ಅರ್ನ್ಡ್ ವ್ಯಾಲ್ಯೂ (ಆಗಿರುವ ಕೆಲಸದ ಬೆಲೆ) ಅನ್ನುವ ಅಧ್ಯಾಯ ತೆಗೆದರು. ಪುಟ ತುಂಬಾ ಪಿ.ವಿ., ಇ.ವಿ., ಎ.ಸಿ. ಎಂಬ ಅಕ್ಷರಗಳು. ಪುಸ್ತಕ ಮುಚ್ಚಿಸಿ, ನಿಮ್ಮ ಸೈಟಿನ ಲೆಕ್ಕ ಹೇಳಿ ಎಂದು ಕೇಳಿದೆ. ಸುಲಭವಾಗಲಿ ಎಂದು ಒಂದು ಉದಾಹರಣೆ ಹಿಡಿದೆವು. ಶೆಡ್ಯೂಲ್ ಪ್ರಕಾರ ಈ ತಿಂಗಳ ಕೊನೆಗೆ 40 ಲಕ್ಷದ ಕೆಲಸ ಆಗಬೇಕಿತ್ತು. ಅಳತೆ ತೆಗೆದು ಟೆಂಡರ್ ದರದಲ್ಲಿ ಲೆಕ್ಕ ಹಾಕಿದರೆ ಆಗಿರುವುದು 32 ಲಕ್ಷದ್ದು. ಅದಕ್ಕೆ ಖರ್ಚಾಗಿರುವುದು 36 ಲಕ್ಷ. "ಅಂದ್ರ ಕೆಲಸಾನೂ ಹಿಂದ ಬಿದ್ದದ, ಕೈಲಿಂದಾನೂ ಹೊಂಟದ" ಎಂದು ಥಟ್ಟನೆ ಅಂದರು. ಅದನ್ನೇ ಪುಸ್ತಕದ ಅಕ್ಷರಗಳ ಪಕ್ಕ ಬರೆಯಿರಿ ಎಂದೆ: ಆಗಬೇಕಿದ್ದ 40 ಪಿ.ವಿ., ಆಗಿರುವ 32 ಇ.ವಿ., ಖರ್ಚಾದ 36 ಎ.ಸಿ. 32ನ್ನು 40ರಿಂದ ಭಾಗಿಸಿದರೆ 0.8, ಅದು ಎಸ್.ಪಿ.ಐ., ಕೆಲಸ ಶೆಡ್ಯೂಲಿನಂತೆ ಸಾಗಿದೆಯೇ ಎನ್ನುವ ಅಳತೆ. 32ನ್ನು 36ರಿಂದ ಭಾಗಿಸಿದರೆ ಸುಮಾರು 0.89, ಅದು ಸಿ.ಪಿ.ಐ., ಖರ್ಚಿಗೆ ತಕ್ಕಷ್ಟು ಕೆಲಸ ಆಗಿದೆಯೇ ಎನ್ನುವ ಅಳತೆ. ಎರಡೂ ಒಂದಕ್ಕಿಂತ ಕಡಿಮೆ, ಅಂದರೆ ಅವರು ಹೇಳಿದ್ದೇ. ಪೆನ್ ಹಿಡಿದುಕೊಂಡೇ ನನ್ನ ಮುಖ ನೋಡಿದರು. "ಇದನ್ನ ನಾ ದಿನಾ ಮಾಡ್ತೇನಲ್ರಿ!"

ತಲೆ ಚೆನ್ನಾಗಿಯೇ ಇತ್ತು. ಹೊತ್ತು ಇರಲಿಲ್ಲ. ಅದನ್ನೂ ಕಾಗದದ ಮೇಲೆ ನೋಡಿದೆವು. ದೂರಶಿಕ್ಷಣ ಕೊಡುವ ಇಗ್ನೋದಂಥ ವಿಶ್ವವಿದ್ಯಾಲಯಗಳು ಒಂದು ಕ್ರೆಡಿಟ್‌ಗೆ 30 ಗಂಟೆಯ ಓದು ಎಂದು ಲೆಕ್ಕ ಹಿಡಿಯುತ್ತವೆ. ಇವರಿಗೆ ಒಂದು ಸೆಮಿಸ್ಟರ್‌ಗೆ 20 ಕ್ರೆಡಿಟ್, ಅಂದರೆ 600 ಗಂಟೆ. ಆರು ತಿಂಗಳಿಗೆ ಹಂಚಿದರೆ ವಾರಕ್ಕೆ ಸುಮಾರು 23 ಗಂಟೆ. ಇವರಿಗೆ ಸಿಗುತ್ತಿದ್ದದ್ದು ವಾರಕ್ಕೆ ಆರೋ ಏಳೋ ಗಂಟೆ. ಅದೂ ರಾತ್ರಿ ಪಾತ್ರೆ ತೊಳೆದು, ಮಗನ ಹೋಂವರ್ಕ್ ಮುಗಿಸಿದ ಮೇಲೆ, ವಿಡಿಯೋ ಹಾಕಿಕೊಂಡು ತೂಕಡಿಸುತ್ತಾ. 23ರ ಕಡೆ ಬೆರಳಿಟ್ಟು ತುಂಬಾ ಹೊತ್ತು ಸುಮ್ಮನೆ ಕೂತರು.

ಬಿಟ್ಟುಬಿಡಲೇ ಎಂದು ಕೇಳಿದರು. ಬಿಡುವುದೂ ಒಂದು ದಾರಿಯೇ, ಅದರಲ್ಲಿ ಅವಮಾನವಿಲ್ಲ ಎಂದೆ. ಯಾಕೆ ಸೇರಿದಿರಿ, ಅದನ್ನು ಮೊದಲು ಹೇಳಿ. "ಬಿಲ್ ನಾ ಮಾಡತೇನಿ. ಪ್ಲಾನಿಂಗ್ ಮೀಟಿಂಗಿಗೆ ನನ್ನ ಕರಿಯೂದಿಲ್ಲ" ಎಂದರು. ದನಿ ಗಟ್ಟಿಯಾಗಿತ್ತು. ಅಷ್ಟು ಸಾಕಿತ್ತು ನನಗೆ.

ಮುಂದಿನ ಸಲ ಗಂಡನನ್ನು ಕರೆದುಕೊಂಡು ಬಂದರು. ಒಳ್ಳೆಯ ಮನುಷ್ಯ. ಕೂತ ತಕ್ಷಣ, "ಓದ್ಲಿ ಬಿಡ್ರಿ ಮೇಡಂ, ನಾ ಯಾವತ್ತರ ಬ್ಯಾಡ ಅಂದೇನೇನು?" ಎಂದರು. ಈ ಮಾತು ನನಗೆ ಎಷ್ಟು ಮನೆಗಳಿಂದ ಬಂದಿದೆಯೋ! ಬೇಡ ಅನ್ನದಿರುವುದು ಬೇರೆ, ಬಿಡುವು ಮಾಡಿಕೊಡುವುದು ಬೇರೆ. ಕಾಲೇಜಿಗೆ ಹೋಗಿ ಓದುವವರು ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತಾರೆ, ಇಲ್ಲಿಲ್ಲ ಅಂತ ಮನೆಗೆ ಗೊತ್ತಾಗುತ್ತದೆ. ಆನ್‌ಲೈನ್ ಓದುವವರು ಕಣ್ಣೆದುರೇ ಇರುತ್ತಾರೆ. ಸುಮ್ನೆ ಕೂತಿದ್ದಾಳೆ, ಒಂದು ಚಹಾ ಮಾಡಿಕೊಟ್ಟರೆ ಏನಾಯ್ತು ಅನ್ನಿಸುತ್ತದೆ ಅಲ್ವಾ? ಇಬ್ಬರ ವಾರದ ಕೆಲಸದ ಪಟ್ಟಿಯನ್ನು ಗಂಡನ ಮುಂದಿಟ್ಟೆ. ಬೆಳಗ್ಗೆ ಐದೂವರೆಯಿಂದ ರಾತ್ರಿ ಹನ್ನೊಂದರವರೆಗೆ ಹೆಂಡತಿಯ ಕಾಲಂ ತುಂಬಿತ್ತು. ತಮ್ಮ ಕಾಲಂನಲ್ಲಿ ಸಂಜೆ ಏಳರಿಂದ ಖಾಲಿ ಇದ್ದ ಚೌಕಗಳನ್ನು ಅವರೇ ಎಣಿಸಿದರು. ಉಳಿದ ಪೇಪರ್‌ಗಳ ವಿಷಯವನ್ನು ಹೆಂಡತಿ ಅಲ್ಲೇ ಹೇಳಿದರು. ಗಂಡ ಬಯ್ಯಲಿಲ್ಲ. "ನನಗ್ಯಾಕ ಹೇಳಲಿಲ್ಲ?" ಅಂದರು, ಅಷ್ಟೇ.

ನಾನು ಕೊಟ್ಟ ಸಲಹೆ ಹೀಗಿತ್ತು. ಮೂರನೇ ಸೆಮಿಸ್ಟರ್‌ನ ಐದೂ ಪೇಪರ್ ಒಟ್ಟಿಗೆ ಬೇಡ. ಇವರ ಕೋರ್ಸ್ ಮುಗಿಸಲು ನಾಲ್ಕು ವರ್ಷದವರೆಗೆ ಅವಕಾಶವಿದೆ ಎಂದು ಪ್ರಾಸ್ಪೆಕ್ಟಸ್‌ನಲ್ಲೇ ಇತ್ತು, ಅವರು ನೋಡಿರಲಿಲ್ಲ. ಹಳೆಯ ಎರಡು, ಹೊಸ ಎರಡು, ಈ ಸಲಕ್ಕೆ ಅಷ್ಟೇ. ಆಫೀಸಿನ ದಿನ ರಾತ್ರಿ ಓದು ಪೂರ್ತಿ ಬಂದ್, ನಿದ್ದೆ ಮಾಡಬೇಕು. ಭಾನುವಾರ ಬೆಳಗ್ಗೆ ಒಂಬತ್ತರಿಂದ ಎರಡರವರೆಗೆ ತವರುಮನೆಯ ಮಹಡಿ ಕೋಣೆಯಲ್ಲಿ ಓದು. ಬುಧವಾರ, ಶನಿವಾರ ಸಂಜೆ ಮೂರು ಮೂರು ಗಂಟೆ, ಅದೂ ಅಲ್ಲೇ. ಮಗ, ಅಡುಗೆ ಆಗ ಗಂಡನ ಪಾಲು. ಪರೀಕ್ಷೆಯೂ ಅದೇ ಕೋಣೆಯಲ್ಲಿ. ಆ ದಿನಗಳಲ್ಲಿ ರೊಟ್ಟಿ ಹೊರಗಿಂದ ತನ್ನಿ ಎಂದೆ. ಹುಬ್ಬಳ್ಳಿಯಲ್ಲಿ ಬಿಸಿ ಜೋಳದ ರೊಟ್ಟಿಗೆ ಬರವಿಲ್ಲ.

ರೊಟ್ಟಿಯ ವಿಷಯಕ್ಕೇ ಅತ್ತೆ ಸಿಟ್ಟಾದರು. ಮನೆಯಲ್ಲಿ ಹೆಣ್ಣುಮಕ್ಕಳಿದ್ದು ರೊಟ್ಟಿ ಕೊಂಡು ತರುವುದೇ ಎಂದು. ಅವರ ಮೇಲೆ ನನಗೆ ಬೇಸರವಿಲ್ಲ. ಮೊಣಕಾಲು ನೋವು, ದಿನವಿಡೀ ಮೊಮ್ಮಗನ ಹಿಂದೆ ಓಡಾಟ. ಅವರ ದುಡಿಮೆಯನ್ನೂ ಯಾರೂ ಪಟ್ಟಿ ಮಾಡಿಲ್ಲ. ಅವರೊಡನೆ ಮಗನೇ ಮಾತಾಡಲಿ, ಸೊಸೆಯ ಬಾಯಿಂದ ಬೇಡ ಎಂದು ಹೇಳಿದೆ.

ಇನ್ನೊಂದು ಮುಳ್ಳಿತ್ತು. ಆನ್‌ಲೈನ್ ಡಿಗ್ರಿಗೆ ಬೆಲೆ ಇಲ್ಲ ಎಂದು ಮೈದುನ ಹಂಗಿಸುತ್ತಿದ್ದರಂತೆ. ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ನೋಡುವ ಯು.ಜಿ.ಸಿ.ಯ 2020ರ ನಿಯಮಗಳಂತೆ, ಮಾನ್ಯತೆ ಇರುವ ಆನ್‌ಲೈನ್ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ. 2022ರ ಸೆಪ್ಟೆಂಬರ್‌ನಲ್ಲಿ ಅದನ್ನು ಯು.ಜಿ.ಸಿ. ಮತ್ತೆ ಸ್ಪಷ್ಟಪಡಿಸಿದೆ. ಅದರ ದೂರಶಿಕ್ಷಣ ಬ್ಯೂರೋದ ಪಟ್ಟಿ ತೆಗೆದು, ಇವರು ಸೇರಿದ ವರ್ಷಕ್ಕೆ ಆ ಕೋರ್ಸಿಗೆ ಅನುಮತಿ ಇತ್ತೇ ಎಂದು ಇಬ್ಬರೂ ನೋಡಿದೆವು. ಇತ್ತು. ಸೇರುವ ಮೊದಲೇ ಎಲ್ಲರೂ ನೋಡಬೇಕಾದ ಪಟ್ಟಿ ಇದು. ಆ್ಯಪ್ ಕಂಪನಿಗಳು ಪಿ.ಜಿ. ಪ್ರೋಗ್ರಾಂ ಎಂದು ಮಾರುವ ಎಷ್ಟೋ ಕೋರ್ಸುಗಳು ಬರೀ ಸರ್ಟಿಫಿಕೇಟ್, ಪದವಿ ಅಲ್ಲವೇ ಅಲ್ಲ. ಪ್ರಾಜೆಕ್ಟ್ ಮ್ಯಾನೇಜರ್‌ಗಳ ಪಿ.ಎಂ.ಪಿ. ಸರ್ಟಿಫಿಕೇಟ್ ಮಾಡಿಬಿಡಲೇ ಎಂದೂ ಕೇಳಿದರು. ಅದಕ್ಕೆ ಪದವೀಧರರಿಗೆ 35 ಗಂಟೆಯ ತರಬೇತಿಯ ಜೊತೆ ಮೂರು ವರ್ಷ ಪ್ರಾಜೆಕ್ಟ್ ಮುನ್ನಡೆಸಿದ ಅನುಭವ ಬೇಕು. ಈಗ ಬೇಡ ಎಂದೆ.

ಆ ಸೆಮಿಸ್ಟರ್‌ನಲ್ಲಿ ನಾಲ್ಕು ಪೇಪರ್ ಬರೆದು ಮೂರು ಪಾಸಾದರು. ಪರಿಮಾಣಾತ್ಮಕ ವಿಧಾನಗಳ (ಲೆಕ್ಕ, ಅಂಕಿ-ಅಂಶದ) ಪೇಪರ್ ಇನ್ನೂ ಉಳಿದಿದೆ, ಮುಂದಿನ ಸಲ ಬರೆಯುತ್ತಾರೆ. ನಿದ್ದೆ ಬರುತ್ತಿದೆ. ಬುಧವಾರದ ಸಂಜೆ ಎರಡು ಸಲ ತಪ್ಪಿತ್ತು, ಯಾಕೆ ಎಂದು ಗಂಡನೇ ಫೋನ್ ಮಾಡಿ ಹೇಳಿದರು. ಅತ್ತೆಗೆ ಹೊರಗಿನ ರೊಟ್ಟಿ ಇನ್ನೂ ರುಚಿಸಿಲ್ಲ. ಕೊನೆಯ ಸೆಮಿಸ್ಟರ್‌ನ ಪ್ರಾಜೆಕ್ಟ್ ವರ್ಕ್‌ಗೆ ತಮ್ಮ ಸೈಟಿನ ಬಿಲ್ ತಡವಾಗುವುದೇಕೆ ಎಂಬ ವಿಷಯ ಆರಿಸಿಕೊಂಡಿದ್ದಾರೆ. ಅದಕ್ಕೆ ಹಳೆಯ ಶೆಡ್ಯೂಲ್‌ಗಳು ಬೇಕು, ಅವನ್ನು ಮಾಲೀಕರ ಹತ್ತಿರ ಹೇಗೆ ಕೇಳುವುದು ಎನ್ನುವುದು ಮುಂದಿನ ಭೇಟಿಯ ಮಾತು.