ಬೆಲ್ಟ್ ಇಲ್ಲದ ಕೆಂಡೊ: ದರ್ಜೆ ಪರೀಕ್ಷೆ ಬಗ್ಗೆ ನಿಮ್ಮ ಪ್ರಶ್ನೆಗಳು

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯಿಂದ ಬಂದ ಪತ್ರಗಳಲ್ಲಿ ಕೆಂಡೊ, ಅಂದರೆ ಜಪಾನಿನ ಕತ್ತಿವರಸೆಯ, ದರ್ಜೆ ಕುರಿತವನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಹುಡುಗ ಕರಾಟೆಯಲ್ಲಿ ಬ್ರೌನ್ ಬೆಲ್ಟ್. ಈಗ ಕೆಂಡೊ ಕಲೀತೀನಿ ಅಂತ ಹಟ ಹಿಡಿದಾನ. ಅಲ್ಲಿ ಬೆಲ್ಟೇ ಇಲ್ಲವಂತೆ. ಹಂಗಾದ್ರ ಯಾರು ಎಷ್ಟು ಕಲಿತಾರ ಅಂತ ಗೊತ್ತಾಗೋದು ಹೆಂಗ್ರಿ? (ಪಾಲಕರು, ರಾಯಚೂರು)

ಉತ್ತರ: ಉಡುಪು ನೋಡಿ ಹೇಳಲು ಬರುವುದಿಲ್ಲ. ನಿನ್ನೆ ಮೊನ್ನೆ ಬೋಗು, ಅಂದರೆ ರಕ್ಷಾಕವಚ, ತೊಟ್ಟವರದೂ ಏಳನೇ ಡಾನ್, ಅಂದರೆ ತೀರಾ ಮೇಲಿನ ದರ್ಜೆ, ಪಡೆದವರದೂ ಅದೇ ನೀಲಿ ಅಂಗಿ, ಅದೇ ಹಕಾಮಾ, ಅಂದರೆ ನಿರಿಗೆಯ ಅಗಲ ಷರಾಯಿ. ಸೊಂಟದ ಮುಂದಿನ ಬಟ್ಟೆಯ ಮೇಲೆ ಹೆಸರು ಮತ್ತು ಊರು ಅಥವಾ ಸಂಘ ಬರೆದಿರುತ್ತದೆ, ದರ್ಜೆ ಬರೆದಿರುವುದಿಲ್ಲ. ತರಗತಿ ಶುರುವಾಗುವಾಗ ಸಾಲಾಗಿ ಕೂರುತ್ತಾರಲ್ಲ, ಆ ಕ್ರಮ ಗಮನಿಸಿ. ಸಾಲಿನ ಒಂದು ತುದಿಯಲ್ಲಿ ಹಿರಿಯರು, ಇನ್ನೊಂದರಲ್ಲಿ ಹೊಸಬರು.

ದರ್ಜೆಗಳಲ್ಲಿ ಎರಡು ಭಾಗ. ಕೆಳಗಿನವು ಕ್ಯೂ. ಇವುಗಳ ಸಂಖ್ಯೆ ಇಳಿಯುತ್ತಾ ಹೋಗುತ್ತದೆ: ಆರು, ಐದು, ನಾಲ್ಕು, ಹೀಗೆ ಒಂದರವರೆಗೆ. ಎಲ್ಲಿಂದ ಶುರು ಮಾಡಬೇಕು ಎನ್ನುವುದು ಒಂದೊಂದು ಕಡೆ ಒಂದೊಂದು ಥರ, ಕೆಲವರು ಮೂರನೇ ಕ್ಯೂನಿಂದಲೇ ಕೊಡುತ್ತಾರೆ. ಒಂದನೇ ಕ್ಯೂ ಆದ ಮೇಲೆ ಡಾನ್, ಒಂದರಿಂದ ಎಂಟರವರೆಗೆ. ಒಂಬತ್ತು, ಹತ್ತನೇ ಡಾನ್ ಹಿಂದೆ ಇದ್ದವು. 2000ದ ನಿಯಮ ತಿದ್ದುಪಡಿಯಿಂದ ಈಚೆಗೆ ಎಂಟೇ ಕೊನೆ. ಇದರ ಜೊತೆಗೆ ರೆನ್‌ಶಿ, ಕ್ಯೋಶಿ, ಹಾನ್‌ಶಿ ಎಂಬ ಬಿರುದುಗಳಿವೆ. ಆರು, ಏಳು, ಎಂಟನೇ ಡಾನ್ ಆದವರಿಗೆ ಬೇರೆಯಾಗಿ ಪರಿಶೀಲಿಸಿ ಕೊಡುವಂಥವು ಅವು.

ಬ್ರೌನ್ ಬೆಲ್ಟಿಗೆ ಇಲ್ಲಿ ರಿಯಾಯಿತಿ ಇಲ್ಲ, ಮೊದಲಿನಿಂದಲೇ ಶುರು ಮಾಡಬೇಕು. ಕರಾಟೆಯಲ್ಲಿ ಬಲವಾಗಿ ನೆಲ ಹಿಡಿದು ನಿಂತು ರೂಢಿಯಾದವರಿಗೆ ಎಡ ಹಿಮ್ಮಡಿ ಎತ್ತಿ, ಪಾದ ಜಾರಿಸಿ ನಡೆಯುವ ಕ್ರಮ ಒಗ್ಗಲು ಸ್ವಲ್ಪ ಹೆಚ್ಚೇ ಸಮಯ ಹಿಡಿಯುತ್ತದೆ.

ಪ್ರಶ್ನೆ: ಚೆನ್ನಾಗಿ ಅಭ್ಯಾಸ ಮಾಡಿದರೆ ಎರಡು ಮೂರು ಡಾನ್ ಒಟ್ಟಿಗೆ ಮುಗಿಸಬಹುದೇ? (ಎಂಜಿನಿಯರಿಂಗ್ ವಿದ್ಯಾರ್ಥಿ, ಬಳ್ಳಾರಿ)

ಉತ್ತರ: ಆಗುವುದಿಲ್ಲ. ಒಂದು ಡಾನ್ ಸಿಕ್ಕ ಮೇಲೆ ಮುಂದಿನದಕ್ಕೆ ಇಷ್ಟು ವರ್ಷ ಕಾಯಲೇಬೇಕು ಎಂಬ ಲೆಕ್ಕವಿದೆ. ಒಂದರಿಂದ ಎರಡಕ್ಕೆ 1 ವರ್ಷ, ಎರಡರಿಂದ ಮೂರಕ್ಕೆ 2, ಮುಂದೆ ಕ್ರಮವಾಗಿ 3, 4, 5, 6. ಏಳರಿಂದ ಎಂಟಕ್ಕೆ ಒಮ್ಮೆಗೇ 10. ಕೂಡಿಸಿದರೆ 31 ವರ್ಷ, ಅದೂ ಒಂದು ಸಲವೂ ನಪಾಸಾಗದಿದ್ದರೆ. ಜಪಾನಿನಲ್ಲಿ ಒಂದನೇ ಡಾನ್‌ಗೆ ಕನಿಷ್ಠ ವಯಸ್ಸು 13. ಆ ಲೆಕ್ಕದಲ್ಲಿ 44ಕ್ಕೆ ಎಂಟನೇ ಡಾನ್ ಸಿಗಬೇಕು, ಆದರೆ ಅದಕ್ಕೆ 46 ತುಂಬಿರಬೇಕು ಎಂಬ ಇನ್ನೊಂದು ಷರತ್ತಿದೆ. ಮೇ ತಿಂಗಳಲ್ಲಿ ಕ್ಯೋಟೊದಲ್ಲಿ, ನವೆಂಬರಿನಲ್ಲಿ ಟೋಕಿಯೊದಲ್ಲಿ ನಡೆಯುವ ಆ ಪರೀಕ್ಷೆಯಲ್ಲಿ ಪಾಸಾಗುವವರು ನೂರಕ್ಕೆ ಒಬ್ಬರ ಆಸುಪಾಸು.

ನಿಮಗೀಗ ಮುಖ್ಯವಾದದ್ದು ಮೊದಲ ಮೂರು ವರ್ಷದ ಲೆಕ್ಕ. ಪ್ರಮಾಣಪತ್ರದ ಮೇಲಿನ ದಿನಾಂಕ ಜೋಪಾನವಾಗಿರಲಿ. ಮುಂದಿನ ಅರ್ಜಿಯಲ್ಲಿ ಮೊದಲು ನೋಡುವುದೇ ಅದನ್ನು, ಹತ್ತು ದಿನ ಕಡಿಮೆ ಬಿದ್ದರೂ ಅರ್ಜಿ ವಾಪಸ್.

ಪ್ರಶ್ನೆ: ಒಂದನೇ ಡಾನ್ ಪರೀಕ್ಷೆಯ ದಿನ ನಿಜವಾಗಿ ಏನೇನು ನಡೆಯುತ್ತದೆ? (ಗಂಗಾವತಿ)

ಉತ್ತರ: ಮೂರು ಭಾಗ: ಎದುರಾಳಿಯೊಂದಿಗೆ ಆಟ, ಕತಾ (ಇಬ್ಬರು ಮರದ ಕತ್ತಿ ಹಿಡಿದು ಮಾಡುವ ನಿಗದಿತ ವರಸೆ), ಲಿಖಿತ.

ಆಟಕ್ಕೆ ನಾಲ್ವರ ಗುಂಪು ಮಾಡುವುದು ವಾಡಿಕೆ. ಮೊದಲನೆಯವರು ಎರಡನೆಯವರೊಂದಿಗೆ, ಎರಡನೆಯವರು ಮೂರನೆಯವರೊಂದಿಗೆ, ಹೀಗೆ ಸುತ್ತು ಹೋಗಿ ಕೊನೆಯವರು ಮತ್ತೆ ಮೊದಲನೆಯವರೊಂದಿಗೆ ನಿಲ್ಲುತ್ತಾರೆ. ಹಾಗಾಗಿ ಪ್ರತಿಯೊಬ್ಬರಿಗೂ ಇಬ್ಬರು ಎದುರಾಳಿಗಳು. ಒಬ್ಬೊಬ್ಬರೊಂದಿಗೆ ಒಂದು, ಒಂದೂವರೆ ನಿಮಿಷ. ವಯಸ್ಸಿನ ಪ್ರಕಾರ ಗುಂಪು ಮಾಡುವುದರಿಂದ ಎದುರಿಗೆ ಯಾರು ಬರುತ್ತಾರೋ ಎಂಬ ಆತಂಕ ಬೇಡ.

ಪರೀಕ್ಷಕರು ನೋಡಲು ಶುರು ಮಾಡುವುದು "ಹಾಜಿಮೆ" (ಶುರು ಮಾಡಿ) ಎಂದು ಕೂಗಿದ ಮೇಲೆ ಅಂದುಕೊಂಡಿದ್ದರೆ ತಪ್ಪು. ಅಂಕಣದ ಅಂಚಿಗೆ ಬಂದು ನಿಲ್ಲುತ್ತೀರಿ. ಎದುರಾಳಿಗೆ ಸುಮಾರು 15 ಡಿಗ್ರಿ ಬಾಗಿ ನಮಸ್ಕಾರ, ಆಗ ಕಣ್ಣು ಅವರ ಮೇಲೇ ಇರಬೇಕು. ಶಿನಾಯಿ, ಅಂದರೆ ಬಿದಿರಿನ ಕತ್ತಿ, ಎಡ ಸೊಂಟಕ್ಕೆ ಬರುತ್ತದೆ. ಬಲಗಾಲಿಂದ ಮೂರು ಹೆಜ್ಜೆ, ಕತ್ತಿ ಹಿರಿಯುವಂತೆ ಶಿನಾಯಿ ಎತ್ತಿ ತುದಿಗಾಲಲ್ಲಿ ಕುಕ್ಕರುಗೂರುವ ಸೊನ್‌ಕ್ಯೊ. ಇಲ್ಲಿ ತೂಗಾಡಿದರೆ, ಅಥವಾ ಎದುರಾಳಿ ಕೂರುವ ಮೊದಲೇ ಕೂತರೆ, ಆರಂಭವೇ ಕೆಟ್ಟಿತು.

ಆಟ ಪಾಸಾದವರಿಗೆ ಕತಾ. ಅದರಲ್ಲಿ ತೇರ್ಗಡೆಯಾಗದಿದ್ದರೆ ಬಹುತೇಕ ಕಡೆ ಆಟ ಮತ್ತೆ ಆಡಬೇಕಿಲ್ಲ, ಕತಾ ಒಂದನ್ನೇ ನಿಗದಿತ ಅವಧಿಯೊಳಗೆ ಮತ್ತೆ ಕೊಡಬಹುದು. ಲಿಖಿತದ ಪ್ರಶ್ನೆಗಳನ್ನು ಸಾಮಾನ್ಯವಾಗಿ ಮೊದಲೇ ತಿಳಿಸಿರುತ್ತಾರೆ. ಐದು ನಿಲುವುಗಳು ಯಾವುವು, ಝಾನ್‌ಶಿನ್ ಎಂದರೇನು, ಅಚ್ಚರಿ-ಅಂಜಿಕೆ-ಅನುಮಾನ-ಗೊಂದಲ ಈ ನಾಲ್ಕು ಮನಸ್ಸನ್ನು ಹೇಗೆ ಕೆಡಿಸುತ್ತವೆ, ಇಂಥವು. ಅರ್ಧ ಪುಟ ಸಾಕು. ಇಂಟರ್‌ನೆಟ್‌ನಿಂದ ಇಳಿಸಿಕೊಂಡು ಬರೆದದ್ದು ಎರಡನೇ ವಾಕ್ಯಕ್ಕೇ ಗೊತ್ತಾಗುತ್ತದೆ.

ಪ್ರಶ್ನೆ: ನಾನು ಎದುರಾಳಿಗೆ ಕೈಗೆ ಎರಡು, ತಲೆಗೆ ಒಂದು ಏಟು ಹಾಕಿದೆ. ಆತ ಒಂದೂ ಮುಟ್ಟಿಸಲಿಲ್ಲ. ಆದರೂ ಆತ ಪಾಸು, ನಾನು ನಪಾಸು. ಇದ್ಯಾವ ನ್ಯಾಯ? (ಕೊಪ್ಪಳ)

ಉತ್ತರ: ಸಿಟ್ಟು ಸಹಜವೇ. ಆದರೆ ಅಲ್ಲಿ ಲೆಕ್ಕ ಇಡುವವರು ಯಾರೂ ಇರುವುದಿಲ್ಲ. ಪಂದ್ಯದಲ್ಲಿ ತೀರ್ಪುಗಾರರು ಏಟು ನೋಡಿ ಬಾವುಟ ಎತ್ತುತ್ತಾರೆ. ದರ್ಜೆ ಪರೀಕ್ಷೆಯಲ್ಲಿ ಬಾವುಟವೇ ಇಲ್ಲ. ಒಂದರಿಂದ ಮೂರನೇ ಡಾನ್‌ವರೆಗೆ ನೋಡುವುದು ನಾಲ್ಕು ಸಂಗತಿ: ಉಡುಪು ಮತ್ತು ರೀತಿ-ರಿವಾಜು, ನಿಲುವು, ಮೂಲಪಾಠಕ್ಕೆ ಸರಿಯಾದ ಏಟು, ಒಳಗಿನ ಹುರುಪು. ಗೆಲುವು-ಸೋಲಿನ ಪ್ರಮಾಣ ಗಣನೆಗೆ ಬರುವುದು ನಾಲ್ಕನೇ ಡಾನ್‌ನಿಂದ. ಆರನೇ ಡಾನ್‌ನಿಂದ ಗಾಂಭೀರ್ಯ, ಘನತೆಯನ್ನೂ ತೂಗುತ್ತಾರೆ.

ನಿಮ್ಮ ಆಟವನ್ನು ನಾವು ನೋಡಿಲ್ಲ. ಪತ್ರದಲ್ಲಿ ನೀವೇ ಬರೆದಿರುವ ಒಂದು ಮಾತು ಮಾತ್ರ ಕಣ್ಣಿಗೆ ಬಿತ್ತು: "ಆತ ಬಂದಾಗಲೆಲ್ಲ ತಲೆ ಮುಚ್ಚಿಕೊಂಡು ತಪ್ಪಿಸಿಕೊಂಡೆ." ಶಿನಾಯಿಯನ್ನು ತಲೆಯ ಮೇಲೆ ಅಡ್ಡ ಎತ್ತಿ ಮುಚ್ಚಿಕೊಳ್ಳುವುದು ಪರೀಕ್ಷಕರಿಗೆ ತೀರಾ ಸೇರದ ಅಭ್ಯಾಸ. ಮುಚ್ಚಿಕೊಂಡ ಕ್ಷಣದಲ್ಲಿ ನಿಮ್ಮ ಕತ್ತಿಯ ತುದಿ ಎದುರಾಳಿಯ ಕುತ್ತಿಗೆ ಬಿಟ್ಟಿತು, ಎಡ ಮುಷ್ಟಿ ಹೊಕ್ಕುಳ ಮುಂದಿನ ಜಾಗ ಬಿಟ್ಟಿತು, ನಿಲುವೇ ಉಳಿಯಲಿಲ್ಲ.

ಇನ್ನು ಏಟಿನ ವಿಚಾರ. ಮುಟ್ಟಿದ್ದೆಲ್ಲ ಏಟಲ್ಲ. ಕೂಗು, ಶಿನಾಯಿ, ಬಲಪಾದ ಮೂರೂ ಒಂದೇ ಕ್ಷಣಕ್ಕೆ ಬೀಳಬೇಕು. ಶಿನಾಯಿಯ ಮುಂದಿನ ಕಾಲು ಭಾಗದಿಂದಲೇ, ದಾರ ಕಟ್ಟಿದ ಬೆನ್ನಿನ ಎದುರು ಬದಿಯಿಂದಲೇ ತಾಗಬೇಕು. ತಾಗಿದ ಮೇಲೆ ನೇರ ದಾಟಿಹೋಗಿ, ತಿರುಗಿ, ಮತ್ತೆ ಕತ್ತಿ ಹಿಡಿದು ಎಚ್ಚರದಲ್ಲಿ ನಿಲ್ಲಬೇಕು. ಇದೇ ಝಾನ್‌ಶಿನ್, ಹೊಸಬರು ಹೆಚ್ಚು ಕಳೆದುಕೊಳ್ಳುವುದೂ ಇಲ್ಲೇ. ಕೈಗೆ ಚಟಕ್ಕನೆ ಹೊಡೆದು ಅಲ್ಲೇ ನಿಂತರೆ, ಹೊಡೆದು ಹಿಂದೆ ಸರಿದರೆ, ಹಿಂದೆ ಉಳಿದ ಎಡಗಾಲನ್ನು ತಡವಾಗಿ ಎಳೆದುಕೊಂಡರೆ ಆ ಏಟು ಸೇರುವುದಿಲ್ಲ. ನಿಮ್ಮ ಎದುರಾಳಿ ಬಹುಶಃ ತಪ್ಪಿದ ಏಟನ್ನೂ ಪೂರ್ತಿ ಮಾಡಿದರು.

ಮುಂದಿನ ಸಲ ಒಂದು ನಿಮಿಷದಲ್ಲಿ ಮೂರು ನಾಲ್ಕು ಏಟಿಗಿಂತ ಹೆಚ್ಚು ಬೇಡ. ಎದ್ದ ಕೂಡಲೇ ಹೊಟ್ಟೆಯಿಂದ ಕೂಗಿ. ಎದುರಾಳಿಯ ಕತ್ತಿಯನ್ನು ಮಧ್ಯದಿಂದ ಸರಿಸಿ, ಅವರು ಹೊರಡಲು ಮನಸ್ಸು ಮಾಡುವ ಹೊತ್ತಿಗೆ ನೇರವಾಗಿ ತಲೆಗೆ ಹೋಗಿ. ಮೈಗೆ ಮೈ ತಾಗಿಸಿ ಹಿಡಿ ಒತ್ತುತ್ತಾ ಕಾಲ ಕಳೆಯಬೇಡಿ.

ಉಡುಪಿನಲ್ಲೂ ಅಂಕ ಹೋಗುತ್ತದೆ. ಮುಖಕವಚದ ದಾರ ಗಂಟಿನಿಂದ ಕೆಳಗೆ 40 ಸೆಂ.ಮೀ. ದಾಟಬಾರದು, ನಾಲ್ಕು ಎಳೆಯೂ ಒಂದೇ ಉದ್ದ ಇರಬೇಕು. ಅಂಗಿ ಬೆನ್ನಲ್ಲಿ ಉಬ್ಬಿರಬಾರದು. ಹಕಾಮಾದ ಹಿಂಬದಿ ಮುಂಬದಿಗಿಂತ ಸ್ವಲ್ಪ ಮೇಲಿರಬೇಕು.

ಪ್ರಶ್ನೆ: ಕತಾ ಎಷ್ಟು ಕಲಿತಿರಬೇಕು? ಮನೆಯಲ್ಲಿ ಒಬ್ಬನೇ ಅಭ್ಯಾಸ ಮಾಡಬಹುದಾ? (ತೋರಣಗಲ್ಲು)

ಉತ್ತರ: 1912ರಲ್ಲಿ ರೂಪಿಸಿದ ಕತಾ ಒಟ್ಟು ಹತ್ತು. ಏಳು ಉದ್ದ ಕತ್ತಿಯವು, ಮೂರು ಗಿಡ್ಡ ಕತ್ತಿಯವು. ಒಂದನೇ ಡಾನ್‌ಗೆ ಸಾಮಾನ್ಯವಾಗಿ ಮೊದಲ ಮೂರರಿಂದ ಐದು ಕೇಳುತ್ತಾರೆ, ಸಂಖ್ಯೆ ಪರೀಕ್ಷೆಯ ಪ್ರಕಟಣೆಯಲ್ಲಿರುತ್ತದೆ. ಮರದ ಕತ್ತಿ ಬೊಕುಟೊ ಸುಮಾರು 102 ಸೆಂ.ಮೀ. ಉದ್ದ. ಕ್ಯೂ ಹಂತದಲ್ಲಿ ಕೆಲವು ಕಡೆ ಕತಾ ಬದಲು ಬೊಕುಟೊ ಹಿಡಿದು ಮಾಡುವ ಒಂಬತ್ತು ಮೂಲಪಾಠಗಳನ್ನು ಕೇಳುವುದುಂಟು.

ಹೆಜ್ಜೆಗಳನ್ನು ಒಬ್ಬರೇ ಕಲಿಯಬಹುದು, ಅಂತರವನ್ನು ಆಗುವುದಿಲ್ಲ. ಇಬ್ಬರಲ್ಲಿ ಉಚಿದಾಚಿ ಗುರುವಿನ ಪಾಲು, ಶಿದಾಚಿ ಶಿಷ್ಯನ ಪಾಲು. ಹೊರಡುವುದು ಯಾವಾಗಲೂ ಉಚಿದಾಚಿ. ಮುಂದೆ ಏನು ಬರುತ್ತದೆಂದು ಗೊತ್ತಿರುವುದರಿಂದ ಶಿದಾಚಿ ಮೊದಲೇ ಸರಿದುಬಿಡುತ್ತಾರೆ, ದೊಡ್ಡ ದೋಷ ಅದೇ. ಮೊದಲ ಕತಾದಲ್ಲಿ ಉಚಿದಾಚಿಯ ಕತ್ತಿ ನಿಜಕ್ಕೂ ತಲೆ ಸೀಳಲು ಬರಬೇಕು, ಶಿದಾಚಿ ಕೊನೆಯ ಕ್ಷಣದಲ್ಲಿ ಮೈಯನ್ನೂ ಕೈಯನ್ನೂ ಹಿಂದೆಳೆದು ತಪ್ಪಿಸಿ ಹೊಡೆಯಬೇಕು. ಪಾಪ ಅಂತ ಗಾಳಿಯಲ್ಲೇ ಕತ್ತಿ ನಿಲ್ಲಿಸುವ ಉಚಿದಾಚಿಯಿಂದ ಇಬ್ಬರದೂ ಕೆಡುತ್ತದೆ. ಎರಡನೆಯದರಲ್ಲಿ ಶಿದಾಚಿ ಎಡಗಾಲಿಂದ ಎಡ ಹಿಂದಕ್ಕೆ ಓರೆಯಾಗಿ ಸರಿಯಬೇಕು, ನೇರ ಹಿಂದಕ್ಕಲ್ಲ. ಪ್ರತಿ ಕತಾ ಮುಗಿದ ಮೇಲೆ ಕತ್ತಿ ಇಳಿಸಿ ಐದು ಚಿಕ್ಕ ಹೆಜ್ಜೆ ಹಿಂದೆ. ಮರೆತುಹೋದರೆ ನಿಂತು ಎದುರಿನವರ ಕಣ್ಣು ನೋಡಿ, ತಲೆ ಕೆರೆದುಕೊಳ್ಳಬೇಡಿ.

ಪ್ರಶ್ನೆ: ಬೇಸಿಗೆಯಲ್ಲಿ ನನ್ನ ಶಿನಾಯಿ ಪದೇ ಪದೇ ಸೀಳು ಬಿಡುತ್ತದೆ. ಟೇಪ್ ಸುತ್ತಿ ಪರೀಕ್ಷೆಗೆ ಒಯ್ಯಬಹುದೇ? (ಸಿಂಧನೂರು)

ಉತ್ತರ: ಬೇಡವೇ ಬೇಡ. ಒಡೆದ ಪಟ್ಟಿಯ ಸಿಬಿರು ಮುಖಕವಚದ ಸರಳುಗಳ ನಡುವೆ ನುಗ್ಗಿ ಎದುರಿನವರ ಕಣ್ಣಿಗೆ ಹೋಗಬಹುದು. ಟೇಪ್ ಸುತ್ತಿದ್ದನ್ನು ಪರಿಶೀಲನೆಯಲ್ಲೇ ಪಕ್ಕಕ್ಕಿಡುತ್ತಾರೆ.

ನಮ್ಮ ಕಡೆಯ ಏಪ್ರಿಲ್-ಮೇ ಒಣಗಾಳಿ ಬಿದಿರಿನ ತೇವವನ್ನೆಲ್ಲ ಹೀರುತ್ತದೆ. ಹೊಸ ಶಿನಾಯಿ ತಂದ ದಿನವೇ ಬಿಚ್ಚಿ. ಬೆನ್ನಿನ ದಾರ ಸಡಿಲಿಸಿ, ಹಿಡಿಯ ಚರ್ಮ ಎಳೆದರೆ ನಾಲ್ಕು ಪಟ್ಟಿ ಬೇರೆಯಾಗುತ್ತವೆ. ಹಿಡಿಯೊಳಗಿನ ಚಿಕ್ಕ ಚೌಕ ತಗಡು ಮತ್ತು ತುದಿಯ ರಬ್ಬರ್ ಕಳೆಯಬೇಡಿ. ಚೂಪು ಅಂಚುಗಳನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ, ಅಗಸೆ ಎಣ್ಣೆ ತೆಳ್ಳಗೆ ಸವರಿ, ಸಿಗದಿದ್ದರೆ ಕುಸುಬಿ ಎಣ್ಣೆ ನಡೆಯುತ್ತದೆ. ನೆರಳಲ್ಲಿ ಎರಡು ದಿನ ನಿಲ್ಲಿಸಿ, ಒರೆಸಿ, ಕಟ್ಟಿ. ಬಿಸಿಲಿಗೆ ನಿಂತ ಕಾರಿನಲ್ಲಿ ಮಾತ್ರ ಬಿಡಬೇಡಿ. ಒಂದೇ ಪಟ್ಟಿ ಒಡೆದಿದ್ದರೆ ಅದೇ ಅಳತೆಯ ಹಳೆಯ ಶಿನಾಯಿಯ ಗಟ್ಟಿ ಪಟ್ಟಿ ಹಾಕಿಕೊಳ್ಳಬಹುದು.

ಮಧ್ಯದ ಚರ್ಮದ ಕಟ್ಟು ತುದಿಯಿಂದ ಕಾಲು ಭಾಗದಲ್ಲಿರಬೇಕು, 120 ಸೆಂ.ಮೀ. ಶಿನಾಯಿಗೆ ಸುಮಾರು 30 ಸೆಂ.ಮೀ. ಅದು ಜಾರಿದರೆ ಪಟ್ಟಿಗಳು ಹೊಡೆದಾಗ ಅಗಲಿ ಅಲ್ಲೇ ಒಡೆಯುತ್ತವೆ. ವಯಸ್ಕರ ಶಿನಾಯಿ 120 ಸೆಂ.ಮೀ. ಮೀರಬಾರದು, ಹಿಡಿಯ ಮುಂದೆ ಕೈ ಕಾಯುವ ದುಂಡು ಬಿಲ್ಲೆ ಬಿಟ್ಟು ಗಂಡಸರಿಗೆ ಕನಿಷ್ಠ 510 ಗ್ರಾಂ, ಹೆಂಗಸರಿಗೆ 440 ಗ್ರಾಂ. ಈ ತೂಕ ಪಂದ್ಯದ ನಿಯಮದ್ದು, ಪರೀಕ್ಷೆಗೂ ಅದೇ ಇಟ್ಟುಕೊಂಡರೆ ತಕರಾರಿಲ್ಲ. ಪರೀಕ್ಷೆಗೆ ಎರಡು ಶಿನಾಯಿ ಒಯ್ಯಿರಿ.

ಪ್ರಶ್ನೆ: ನಮ್ಮ ಹಾಲ್‌ನಲ್ಲಿ ಶಹಾಬಾದ್ ಕಲ್ಲಿನ ನೆಲ. ಬಲ ಹಿಮ್ಮಡಿ ವಿಪರೀತ ನೋವು. (ಮಾನ್ವಿ)

ಉತ್ತರ: ಕಲ್ಲಿನ ಮೇಲೆ ಪಾದ ಬಡಿಯುವುದನ್ನು ಇವತ್ತೇ ನಿಲ್ಲಿಸಿ. ಪಾದ ಜಾರಿಸುವ ನಡಿಗೆ ಮತ್ತು ಕಿರಿಕಾಯೆಶಿ ಎಂಬ ಸರಣಿ ಏಟಿನ ಅಭ್ಯಾಸ ಮಾತ್ರ ಸಾಕು: ತಲೆಯ ನಡುವೆ ಒಂದು ಏಟು, ಮುಂದಕ್ಕೆ ನಾಲ್ಕು, ಹಿಂದಕ್ಕೆ ಐದು, ಮತ್ತೆ ಇದೇ ಸುತ್ತು, ಕೊನೆಗೆ ನಡುವೆ ಒಂದು. ಕ್ಯೂ ಪರೀಕ್ಷೆಗೂ ಇದೇ ಬೇಕು. ಬಡಿತ ಮರದ ನೆಲದ ಬ್ಯಾಡ್ಮಿಂಟನ್ ಅಂಕಣ ಸಿಕ್ಕ ದಿನ. ಅಲ್ಲೂ ಬಲಮಂಡಿ ಎತ್ತಿ ಕುಟ್ಟಬೇಡಿ. ಪಾದ ನೆಲಕ್ಕೆ ಸಮೀಪವೇ ಮುಂದೆ ಹೋಗಿ ಅಂಗಾಲು ಪೂರ್ತಿ ಬೀಳಬೇಕು, ತಳ್ಳುವುದು ಎಡಗಾಲು. ನೋವು ವಾರದಲ್ಲಿ ಇಳಿಯದಿದ್ದರೆ ಮೂಳೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ವಿಡಿಯೊ ಕಳಿಸಿದರೆ ನೇರವಾಗಿ ಎರಡನೇ ಡಾನ್ ಕೊಡ್ತಾರಂತೆ. ನಂಬಬಹುದೇ? (ಲಿಂಗಸುಗೂರು)

ಉತ್ತರ: ದುಡ್ಡು ಉಳಿಸಿಕೊಳ್ಳಿ. 1970ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಕೆಂಡೊ ಫೆಡರೇಷನ್ನಿನ ಸದಸ್ಯ ರಾಷ್ಟ್ರೀಯ ಸಂಸ್ಥೆ ನಡೆಸಿದ ಪರೀಕ್ಷೆಯ ಡಾನ್ ಆದರೆ ಬೇರೆ ದೇಶದಲ್ಲೂ ನಡೆಯುತ್ತದೆ. ಸದಸ್ಯರ ಪಟ್ಟಿ ಅವರ ವೆಬ್‌ಸೈಟಿನಲ್ಲಿದೆ, ಶುಲ್ಕ ಕಟ್ಟುವ ಮೊದಲು ಹೆಸರು ಅಲ್ಲಿದೆಯೇ ನೋಡಿ. ಒಂದನ್ನು ಬಿಟ್ಟು ಎರಡನೇ ಡಾನ್ ಕೊಡುವ ಕ್ರಮ ಅಲ್ಲಿ ಇಲ್ಲ.