ಎಲೆ ತೋರಿಸದೇ ಗೆದ್ದವರ ಕತೆಗಳು

ದಾವಣಗೆರೆಯಿಂದ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಬರೆದಿದ್ದಾರೆ: "ಭಾನುವಾರ ಗೆಳೆಯರೆಲ್ಲ ಸೇರಿ ದುಡ್ಡು ಕಟ್ಟದೇ ರಮ್ಮಿ ಆಡುತ್ತೇವೆ. ಮಗ ಪೋಕರ್ ಬಗ್ಗೆ ಎರಡು ಪುಸ್ತಕ ತಂದುಕೊಟ್ಟ. ತೆರೆದರೆ ಬರೀ ಶೇಕಡಾ ಲೆಕ್ಕ, ಕೋಷ್ಟಕ. ನನಗೆ ಆಟ ಕಲಿಯುವುದು ಬೇಕಾಗಿಲ್ಲ. ಆರಾಮಾಗಿ ಕೂತು ಓದುವಂಥದ್ದು ಏನಾದರೂ ಇದೆಯಾ? ನನ್ನ ಹೆಂಡತಿಗೆ ಇಂಥ ಪುಸ್ತಕ ಮನೆಗೆ ಬರುವುದೇ ಇಷ್ಟವಿಲ್ಲ. ಅವಳಿಗೆ ಏನು ಹೇಳಲಿ?"

ಸರ್, ಇದೆ. ಬೇಕಾದಷ್ಟಿದೆ. ಎಲ್ಲವೂ ಇಂಗ್ಲಿಷ್ ಪುಸ್ತಕಗಳು, ಆದರೆ ಓದಲು ಕಷ್ಟವಿಲ್ಲ.

ರಮ್ಮಿ ಆಡುವವರಾದ್ದರಿಂದ ನಿಮಗೆ ಇದನ್ನು ಹೇಳುವುದು ಸುಲಭ. ರಮ್ಮಿಯಲ್ಲಿ ಆಟ ಮುಗಿಸಬೇಕಾದರೆ ಎಲೆ ಬಿಚ್ಚಿ ಇಡಲೇಬೇಕು. ಸೀಕ್ವೆನ್ಸ್ ಆಗಿದೆಯಾ ಇಲ್ಲವಾ ಅಂತ ಎಲ್ಲರೂ ಬಗ್ಗಿ ನೋಡುತ್ತಾರೆ. ಈಗ ಜಾಸ್ತಿ ಆಡುವ ಟೆಕ್ಸಾಸ್ ಹೋಲ್ಡೆಮ್ ಪೋಕರಿನಲ್ಲಿ ಒಬ್ಬೊಬ್ಬರ ಕೈಯಲ್ಲಿ ಎರಡೇ ಎಲೆ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಒಬ್ಬ ಪಣದ ದುಡ್ಡು ಏರಿಸಿದಾಗ ಎದುರಿನವರೆಲ್ಲ ಹೆದರಿ ಕೈಬಿಟ್ಟರೆ, ಏನೂ ಇಲ್ಲದವನೇ ಅಷ್ಟೂ ದುಡ್ಡು ಬಾಚಿಕೊಳ್ಳುತ್ತಾನೆ. ಅವನ ಹತ್ತಿರ ಎಕ್ಕದ ಜೋಡಿ ಇತ್ತಾ, ಸುಮ್ನೆ ಕೂತಿದ್ದನಾ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಎದುರಿಗೆ ಕೂತವನು ಎಂಥವನು ಅಂತ ತಿಳಿಯುವುದೇ ಅಲ್ಲಿ ಆಟ. ಕತೆ ಬರೆಯುವವರಿಗೂ ಬೇಕಾದದ್ದು ಅದೇ ಅಲ್ವಾ? ಅದಕ್ಕೇ ಈ ಮೇಜಿಗೆ ಒಳ್ಳೊಳ್ಳೆ ಬರಹಗಾರರು ಬಂದಿದ್ದಾರೆ.

ಆ್ಯಲ್ ಅಲ್ವಾರೆಜ್ ಅವರ 'ದ ಬಿಗ್ಗೆಸ್ಟ್ ಗೇಮ್ ಇನ್ ಟೌನ್' ಇಂದ ಶುರು ಮಾಡಿ. ಅಲ್ವಾರೆಜ್ ಕವಿ, ವಿಮರ್ಶಕ. ಅಮೆರಿಕದ ಕವಿ ಸಿಲ್ವಿಯಾ ಪ್ಲಾತ್ ಅವರ ಕವಿತೆಗಳನ್ನು ಲಂಡನ್ನಿನ ಅಬ್ಸರ್ವರ್ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಪಾದಕರು. ಅಂಥವರು 1981ರಲ್ಲಿ ಲಾಸ್ ವೇಗಸ್‌ನ ಬಿನಿಯನ್ಸ್ ಹಾರ್ಸ್‌ಶೂ ಕ್ಯಾಸಿನೋಗೆ ಹೋಗಿ, ಪೋಕರಿನ ವಿಶ್ವ ಚಾಂಪಿಯನ್‌ಷಿಪ್ ಅನ್ನಿಸಿಕೊಂಡ ವರ್ಲ್ಡ್ ಸೀರೀಸ್ ಆಫ್ ಪೋಕರ್ ನಡೆಯುವುದನ್ನು ನೋಡಿಕೊಂಡು ಬಂದರು. ತಲಾ 10,000 ಡಾಲರ್ ಕಟ್ಟಿ 75 ಜನ ಮುಖ್ಯ ಪಂದ್ಯಕ್ಕೆ ಕೂತಿದ್ದ ವರ್ಷ ಅದು. ಆ ಕ್ಯಾಸಿನೋದಲ್ಲಿ ದೊಡ್ಡದೊಂದು ಕುದುರೆ ಲಾಳ ನಿಲ್ಲಿಸಿ, ಅದರೊಳಗೆ 10,000 ಡಾಲರಿನ 100 ನೋಟು ಜೋಡಿಸಿಟ್ಟಿದ್ದರು. ಬಂದವರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅಂಥದ್ದೇ ದುಡ್ಡು ಒಳಗಿನ ಮೇಜಿನ ಮೇಲೆ ಚಿಪ್ ಆಗಿ, ಅಂದರೆ ನೋಟಿನ ಬದಲು ಇಡುವ ಬಿಲ್ಲೆಯಾಗಿ, ಈ ಕೈಯಿಂದ ಆ ಕೈಗೆ ಹೋಗುತ್ತಿತ್ತು. ಚಿಪ್ ಆದ ಕೂಡಲೇ ದುಡ್ಡಿಗೆ ದುಡ್ಡಿನ ಭಾರ ಹೇಗೆ ಹೋಗಿಬಿಡುತ್ತದೆ ಅನ್ನುವುದನ್ನು ಅಲ್ವಾರೆಜ್ ಬರೆದಿರುವ ಹಾಗೆ ಬೇರೆ ಯಾರೂ ಬರೆದಿಲ್ಲ. ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಯೊಂದರಲ್ಲಿ ನನಗೆ ಇದು ಸಿಕ್ಕಿತು. ಅಂಗಡಿಯಲ್ಲಿ ನಿಂತೇ ಮೊದಲ ಅಧ್ಯಾಯ ಓದಿದೆ.

ಆಮೇಲೆ ಜೇಮ್ಸ್ ಮೆಕ್‌ಮ್ಯಾನಸ್ ಅವರ 'ಪಾಸಿಟಿವ್ಲಿ ಫಿಫ್ತ್ ಸ್ಟ್ರೀಟ್'. 2000ದಲ್ಲಿ ಹಾರ್ಪರ್ಸ್ ಪತ್ರಿಕೆ ಇದೇ ಪಂದ್ಯದ ವರದಿಗೆ ಅವರನ್ನು ಕಳಿಸಿತು. ಅದೇ ಹೊತ್ತಿಗೆ, ಕ್ಯಾಸಿನೋ ಮನೆತನದ ಟೆಡ್ ಬಿನಿಯನ್ ಕೊಲೆ ಪ್ರಕರಣದ ವಿಚಾರಣೆಯೂ ಆ ಊರಲ್ಲೇ ನಡೆಯುತ್ತಿತ್ತು. ಮೆಕ್‌ಮ್ಯಾನಸ್ ವರದಿಗೆಂದು ಬಂದ ಮುಂಗಡ ಹಣವನ್ನೇ ಕಟ್ಟಿ ಆಡಲು ಕೂತರು. 512 ಜನರಲ್ಲಿ ಐದನೆಯವರಾಗಿ 2,47,760 ಡಾಲರ್ ಗೆದ್ದರು. ಒಂದು ಕಡೆ ಕೋರ್ಟು, ಇನ್ನೊಂದು ಕಡೆ ಇಸ್ಪೀಟ್ ಮೇಜು. ನಡುವೆ ಮನೆಗೆ ಫೋನ್ ಮಾಡಲು ಒದ್ದಾಡುವ ಒಬ್ಬ ಸಂಸಾರಸ್ಥ. ಪುಸ್ತಕ ಸ್ವಲ್ಪ ಉದ್ದವಾಯಿತು. ಕೊಲೆ ಪ್ರಕರಣದ ಪುಟಗಳು ನಿಧಾನ ಅನಿಸಿದರೆ ದಾಟಿಕೊಂಡು ಮೇಜಿನ ಹತ್ತಿರ ಬನ್ನಿ. ಆರೋಪಿಗಳಿಬ್ಬರಿಗೂ ಆಗ ಶಿಕ್ಷೆಯಾಯಿತು. ಮರುವಿಚಾರಣೆಯಲ್ಲಿ, 2004ರಲ್ಲಿ, ಕೊಲೆ ಆರೋಪದಿಂದ ಇಬ್ಬರೂ ಬಿಡುಗಡೆಯಾದರು. ಪುಸ್ತಕ ಬಂದದ್ದು 2003ರಲ್ಲಾದ್ದರಿಂದ ಅದರಲ್ಲಿ ಈ ವಿಷಯ ಇಲ್ಲ.

ಈಗ ನಿಮ್ಮ ಮನೆಯವರ ಮಾತಿಗೆ ಬರುತ್ತೇನೆ. ಅವರ ಹೆದರಿಕೆ ಸುಳ್ಳಲ್ಲ. ಇಸ್ಪೀಟಿನಲ್ಲಿ ಹೊಲ ಕಳೆದುಕೊಂಡ ಮನೆಗಳು ನಮ್ಮ ಊರುಗಳಲ್ಲೂ ಇವೆ. ನೋಲನ್ ಡಾಲ್ಲಾ ಮತ್ತು ಪೀಟರ್ ಆಲ್ಸನ್ ಬರೆದ 'ಒನ್ ಆಫ್ ಎ ಕೈಂಡ್' ಪುಸ್ತಕವನ್ನು ಮೊದಲು ಅವರ ಕೈಗೇ ಕೊಡಿ. ಇದು ಸ್ಟೂ ಉಂಗರ್ ಎಂಬ ನ್ಯೂಯಾರ್ಕ್ ಹುಡುಗನ ಜೀವನಕತೆ. ಇಬ್ಬರು ಹತ್ತತ್ತು ಎಲೆ ಹಿಡಿದು ಆಡುವ ಜಿನ್ ರಮ್ಮಿಯಲ್ಲಿ ಅವನು ಎಷ್ಟು ಗಟ್ಟಿಗನೆಂದರೆ, ಕೊನೆಗೆ ಅವನ ಎದುರು ಕೂರುವವರೇ ಇಲ್ಲವಾಯಿತು. ಪೋಕರ್‌ಗೆ ಬಂದ. 1980ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ. ಅಲ್ವಾರೆಜ್ ನೋಡಲು ಹೋದ 1981ರಲ್ಲೂ ಗೆದ್ದವನು ಅವನೇ.

ಆಮೇಲೆ ಬೇರೆ ಜೂಜು, ಕೊಕೇನ್. 1997ರಲ್ಲಿ ಪಂದ್ಯಕ್ಕೆ ಕಟ್ಟುವ ದುಡ್ಡನ್ನೂ ಗೆಳೆಯ ಬಿಲ್ಲಿ ಬ್ಯಾಕ್ಸ್‌ಟರ್ ಕೊಡಬೇಕಾಯಿತು. ಫ್ರೀಮಾಂಟ್ ಸ್ಟ್ರೀಟಿನಲ್ಲಿ, ಬೀದಿಯಲ್ಲೇ ಹಾಕಿದ ಮೇಜಿನಲ್ಲಿ ಕೊನೆಯ ಆಟ. ಕೊಕೇನ್‌ನಿಂದ ಕುಸಿದ ಮೂಗು ಕಾಣಬಾರದೆಂದು ದುಂಡನೆಯ ನೀಲಿ ಕನ್ನಡಕ ಹಾಕಿಕೊಂಡು ಕೂತಿದ್ದ. ಮೂರನೇ ಸಲ ಗೆದ್ದ ಮೇಲೆ ಅವನು ಕ್ಯಾಮೆರಾಗೆ ತೋರಿಸಿದ್ದು ಮಗಳ ಫೋಟೊ. ಬಹುಮಾನ 10 ಲಕ್ಷ ಡಾಲರ್. ಅರ್ಧ ಬ್ಯಾಕ್ಸ್‌ಟರ್‌ಗೆ ಹೋಯಿತು, ಉಳಿದರ್ಧ ಕೆಲವೇ ತಿಂಗಳಲ್ಲಿ ಕರಗಿತು. 1998ರ ನವೆಂಬರಿನಲ್ಲಿ ಲಾಸ್ ವೇಗಸ್‌ನ ಮೋಟೆಲ್ ಕೋಣೆಯಲ್ಲಿ ಹೆಣವಾಗಿ ಸಿಕ್ಕ. ಆಗ 45 ವರ್ಷ. ಆ ಫೋಟೊದ ಪುಟ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮನಸ್ಸು ಭಾರವಾದರೆ ಮಾರಿಯಾ ಕೊನಿಕೋವಾ ಅವರ 'ದ ಬಿಗ್ಗೆಸ್ಟ್ ಬ್ಲಫ್' ಓದಿ. ಮನಶ್ಶಾಸ್ತ್ರ ಓದಿದ ಹೆಣ್ಣುಮಗಳು. ಒಂದು ಕಟ್ಟಿನಲ್ಲಿ ಎಷ್ಟು ಎಲೆ ಇರುತ್ತದೆ ಅಂತಲೂ ಗೊತ್ತಿರಲಿಲ್ಲ. ಅಜ್ಜಿ ರಾತ್ರಿ ಜಾರಿಬಿದ್ದು ತೀರಿಕೊಂಡರು, ಗಂಡನ ಕೆಲಸ ಹೋಯಿತು, ಅಮ್ಮನ ಕೆಲಸವೂ ಹೋಯಿತು. ನಮ್ಮ ಬಾಳಿನಲ್ಲಿ ಅದೃಷ್ಟ ಎಷ್ಟು, ನಮ್ಮ ಕೈಲಿರುವುದು ಎಷ್ಟು ಅಂತ ತಿಳಿಯಲು ಆಟಗಾರ ಎರಿಕ್ ಸೈಡೆಲ್ ಅವರನ್ನು ಗುರು ಮಾಡಿಕೊಂಡರು. 2018ರಲ್ಲಿ ಒಂದು ಪಂದ್ಯವನ್ನೇ ಗೆದ್ದರು. ಆಟ ಗೊತ್ತಿಲ್ಲದವರಿಗೂ ಇದು ಸಲೀಸಾಗಿ ಅರ್ಥವಾಗುತ್ತದೆ.

ವಿಕ್ಟೋರಿಯಾ ಕೋರೆನ್ ಅವರ 'ಫಾರ್ ರಿಚರ್, ಫಾರ್ ಪೂರರ್' ಕೂಡ ಸಿಕ್ಕರೆ ಬಿಡಬೇಡಿ. ಲಂಡನ್ನಿನ ಆಟಗಾರರ ಸ್ನೇಹದ ಕತೆ ಅದು, ನಿಮ್ಮ ಭಾನುವಾರದ ಗುಂಪಿಗೆ ಇಷ್ಟವಾಗುತ್ತದೆ.

ಎಲ್ಲವನ್ನೂ ಒಟ್ಟಿಗೆ ತರಿಸಬೇಡಿ. ಈಗ ಅಲ್ವಾರೆಜ್ ಒಂದೇ ಸಾಕು. ತೆಳ್ಳನೆಯ ಪುಸ್ತಕ, ಎರಡು ಮೂರು ಸಂಜೆಗೆ ಮುಗಿಯುತ್ತದೆ. ಉಂಗರ್ ಪುಸ್ತಕ ಓದಿದ ಮೇಲೆ ಮನೆಯವರು ಏನಂದರು ಅಂತ ಬರೆಯಿರಿ. ಅವರೇ ಬರೆದರೆ ಇನ್ನೂ ಸಂತೋಷ.

– ಸಂಪಾದಕ